ನೆಗ್ರೋನಿ ಮತ್ತು ನನ್ನ ದಾಕ್ಷಿಣ್ಯ

ದಾಕ್ಷಿಣ್ಯ ಅನ್ನುವುದು ಒಂದು ಕಾಯಿಲೆ. ನಮ್ಮ ಮನೆತನದಲ್ಲಿ ಅದು ಸಕ್ಕರೆ ಕಾಯಿಲೆಗಿಂತ ಮೊದಲೇ ಬರುತ್ತದೆ. ನನ್ನ ತಂದೆ ಯಾರದೋ ಮನೆಯಲ್ಲಿ ಉಪ್ಪಿಲ್ಲದ ಉಪ್ಪಿಟ್ಟನ್ನು ಹೊಗಳಿ, ಎರಡನೇ ಸಲ ಬಡಿಸಿಕೊಂಡು ತಿಂದು, ದಾರಿಯುದ್ದಕ್ಕೂ ಅಮ್ಮನನ್ನು ಬೈದುಕೊಂಡು ಬಂದವರು. ನಮ್ಮ ತುಮಕೂರು ಕಡೆ ಯಾವುದನ್ನೂ ಚೆನ್ನಾಗಿಲ್ಲ ಎನ್ನುವ ಪದ್ಧತಿಯಿಲ್ಲ. ‘ಬೇರೆ ಥರ ಇದೆ’ ಎನ್ನುತ್ತೇವೆ. ಕೇಳಿದವರು ಅರ್ಥ ಮಾಡಿಕೊಂಡು ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋಗುತ್ತಾರೆ. ಹುಬ್ಬಳ್ಳಿಯವರಿಗೆ ಈ ಮಾತಿನ ಒಳಗುಟ್ಟು ಗೊತ್ತಿಲ್ಲವೆಂದು ನನಗೆ ತಿಳಿದದ್ದು ಹೋದ ವರ್ಷ.

ನನ್ನ ಹೆಂಡತಿ ಗಿರಿಜಾ ಹುಬ್ಬಳ್ಳಿಯವಳು. ಅವಳ ತಮ್ಮ ಶಿವು ಅನ್ನಪೂರ್ಣೇಶ್ವರಿ ನಗರದಲ್ಲಿದ್ದಾನೆ. ಶನಿವಾರ ಸಂಜೆ ವಿಜಯನಗರದ ನಮ್ಮ ಮನೆಗೆ ಬಂದು, ಟೆರೇಸಿನಲ್ಲಿ ನನ್ನ ಜೊತೆ ಒಂದು ಬಿಯರು ಕುಡಿದು ಹೋಗುತ್ತಿದ್ದ ಸಭ್ಯ ಮನುಷ್ಯ. ಕಂಪನಿ ಖರ್ಚಿನಲ್ಲಿ ಯಾವುದೋ ದೊಡ್ಡ ಹೋಟೆಲಿಗೆ ಹೋದವನು ನೆಗ್ರೋನಿ ಮಾಡುವುದನ್ನು ಕಲಿತು ಬಂದ. ಜಿನ್ ಒಂದು ಪಾಲು, ಗಿಡಮೂಲಿಕೆ ಹಾಕಿದ ಸಿಹಿ ವೈನ್ ಒಂದು ಪಾಲು, ಇಟಲಿಯ ಕೆಂಪು ಕಹಿ ಮದ್ಯ ಒಂದು ಪಾಲು. ಮೇಲೆ ಐಸು, ಕಿತ್ತಳೆ ಸಿಪ್ಪೆ. “ನೂರು ವರ್ಷದಿಂದ ಮಂದಿ ಇದನ್ನ ಕುಡ್ಯಾಕತ್ತಾರ್ರಿ ಮಾಮಾ” ಎಂದು ಲೋಟ ಕೊಟ್ಟ. ಮೊದಲ ಗುಟುಕಿಗೇ ಹಸಿ ಹಾಗಲಕಾಯಿ ಅಗಿದಂತಾಗಿ ಕಹಿ ಕಿವಿಯವರೆಗೂ ಏರಿತು. “ಹೆಂಗೈತ್ರಿ?” ಎಂದ. “ಬೇರೆ ಥರ ಇದೆ ಕಣಪ್ಪ” ಎಂದೆ. “ಹೌದಲ್ರೀ! ಬ್ಯಾರೇನ ಐತಿ!” ಎಂದು ಹಿಗ್ಗಿ ಇನ್ನೊಂದು ಲೋಟ ಮಾಡಿಕೊಟ್ಟ.

ಅಲ್ಲಿಂದ ನನ್ನ ಶನಿವಾರಗಳು ಹಾಳಾದವು. ವಾರವೆಲ್ಲ ಆಫೀಸಿನಲ್ಲಿ ಮೇಲಧಿಕಾರಿಯನ್ನು ಸಹಿಸಿಕೊಂಡವನಿಗೆ ಇದ್ದದ್ದು ಆ ಒಂದು ತಣ್ಣನೆಯ ಬಿಯರು. ಅದಕ್ಕೂ ಕಲ್ಲು ಬಿತ್ತು. ಗಿರಿಜಾ ಕೆಳಗಿನಿಂದ “ಆತೇನ್ರಿ ನಿಮ್ಮ ನೆಗಡಿ ಔಷಧ?” ಎಂದು ಕೂಗುತ್ತಿದ್ದಳು. ಅವಳ ಹತ್ತಿರ ಗೋಳು ಹೇಳಿಕೊಂಡರೆ, “ನನ್ನ ತಮ್ಮ ಪ್ರೀತಿಲೆ ಮಾಡಿಕೊಡ್ತಾನ, ನಿಮಗ ಅದೂ ಕಹಿ ಆತೇನು?” ಎಂದಳು. ತವರಿನ ವಿಷಯ ಬಂದಮೇಲೆ ಬಾಯಿ ಮುಚ್ಚಿಕೊಳ್ಳುವುದೇ ಮೇಲು. ಈ ಪಾನೀಯ ಇಷ್ಟು ಕಾಲ ಬಾಳಿ ಬಂದದ್ದರ ಗುಟ್ಟು ಆಗ ನನಗೆ ಹೊಳೆಯಿತು. ಮೊದಲು ಇದನ್ನು ಕುಡಿದವನಿಗೂ ಒಬ್ಬ ಭಾಮೈದ ಇದ್ದಿರಬೇಕು. ಅವನು ದಾಕ್ಷಿಣ್ಯಕ್ಕೆ ಹೊಗಳಿದ, ಅವನನ್ನು ನೋಡಿ ಇನ್ನೊಬ್ಬ ಹೊಗಳಿದ. ಕಹಿ ಎಂದು ಹೇಳುವ ಧೈರ್ಯ ಇಡೀ ಯುರೋಪಿನಲ್ಲಿ ಒಬ್ಬನಿಗೂ ಬರಲಿಲ್ಲ. ನಾವಾದರೆ ಯುಗಾದಿಗೆ ಬೇವು ಕೊಟ್ಟರೂ ಜೊತೆಗೆ ಬೆಲ್ಲ ಕೊಡುತ್ತೇವೆ, ಅದೂ ವರ್ಷಕ್ಕೊಂದೇ ಸಲ.

ಎಂಟು ತಿಂಗಳು ಸಹಿಸಿದೆ. ಒಂದು ಶನಿವಾರ ಅವನು ಮೂರೂ ಮದ್ಯದ ಎರಡೆರಡು ಬಾಟಲಿ ಹಿಡಿದು ಬಂದು, “ಒಂದೊಂದು ಇಲ್ಲೇ ಇರ್ಲಿ ಮಾಮಾ, ನಾ ಬರದಿದ್ರೂ ಮಾಡ್ಕೊಂಡು ಕುಡೀರಿ” ಎಂದ. ನನ್ನ ತಲೆ ಕೆಟ್ಟುಹೋಯಿತು. “ಶಿವು, ಇದು ನಂಗೆ ಸೇರಲ್ಲ ಕಣಪ್ಪ. ಮೊದಲ್ನೇ ದಿನದಿಂದ್ಲೂ ಸೇರಿಲ್ಲ” ಎಂದುಬಿಟ್ಟೆ. ಅವನು “ಮೊದಲ ಹೇಳಬಾರದೇನ್ರಿ” ಎಂದು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದ. ಗಿರಿಜಾ ಮೂರು ದಿನ ಮಾತು ಬಿಟ್ಟಳು. ಅವನ ಶನಿವಾರಗಳು ಬಸವೇಶ್ವರನಗರದಲ್ಲಿರುವ ಗಿರಿಜಾಳ ತಂಗಿಯ ಮನೆಗೆ, ಅಂದರೆ ನನ್ನ ಷಡ್ಡಕ ಮಲ್ಲಣ್ಣನ ಮನೆಗೆ ವರ್ಗವಾದವು.

ಗೆದ್ದ ಖುಷಿಯಲ್ಲಿ ನಾನು ಬಿಯರು ತೆರೆದೆ. ಸಪ್ಪೆ. ಅಂಗಡಿಯವನನ್ನು ಬೈದು ಬೇರೆ ತಂದೆ, ಅದೂ ಸಪ್ಪೆ. ಮೂರನೇ ಶನಿವಾರ ಸಂಜೆ ಆರಾಗುತ್ತಲೇ ನಾಲಿಗೆ ಏನನ್ನೋ ಹುಡುಕತೊಡಗಿತು. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕಿದ್ದಕ್ಕೆ ಗಿರಿಜಾಳ ಜೊತೆ ಜಗಳವಾಡಿದೆ. ಆಮೇಲೆ ನನಗೇ ನಾಚಿಕೆಯಾಯಿತು. ಆ ದರಿದ್ರ ಕಹಿ ನನಗೆ ಬೇಕಾಗಿತ್ತು!

ಮುಂದಿನ ಶನಿವಾರ ಯಾವುದೋ ಮದುವೆ ಕರೆಯೋಲೆಯ ನೆಪ ಮಾಡಿಕೊಂಡು ಷಡ್ಡಕನ ಮನೆಗೆ ಹೋದೆ. ಶಿವು ಕಿತ್ತಳೆ ಸಿಪ್ಪೆ ಹೆರೆಯುತ್ತಿದ್ದ. “ಬರ್ರಿ ಮಾಮಾ” ಎಂದು ಎದ್ದುನಿಂತು, ಅಡುಗೆಮನೆ ಕಡೆ ತಿರುಗಿ, “ಅಕ್ಕಾ, ಮಾಮಾಗ ಇದು ಸೇರಂಗಿಲ್ಲ, ಮಾವಿನ ಜ್ಯೂಸ್ ತಗೊಂಡು ಬಾ” ಎಂದ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಲ್ಲಣ್ಣ ಕೆಂಪು ಲೋಟವನ್ನೆತ್ತಿ ಕಣ್ಣು ಮುಚ್ಚಿ ಹೀರುತ್ತಿದ್ದ. ನಾನು ಪಕ್ಕದಲ್ಲಿ ಕೂತು ಮಾವಿನ ಜ್ಯೂಸು ಕುಡಿದೆ. “ಸಿಹಿ ಸಾಕಾತೇನ್ರಿ?” ಎಂದು ನಾದಿನಿ ಕೇಳಿದಳು. ತುಂಬಾ ಚೆನ್ನಾಗಿದೆ ಎಂದೆ. ಮತ್ತೊಂದು ಲೋಟ ಬಂತು. ಮದುವೆಯಾದಾಗಿನಿಂದ ಹೆಂಡತಿಯ ತವರಿನವರ ಮುಂದೆ ಒಂದೇ ಒಂದು ಸಲ ನಿಜ ಹೇಳಿದ್ದೆ; ಹೇಳುವ ಹೊತ್ತಿಗೆ ಅದೂ ಸುಳ್ಳಾಗಿಹೋಗಿತ್ತು.