ಚಹಾ ಹೊತ್ತಿನ ಬೈಗುಳ ತರಬೇತಿ

ಕಲಿಸಲು ನಿಂತವರಿಗೆಲ್ಲ ಒಂದು ಚಟವಿರುತ್ತದೆ. ತಮಗೇನು ಗೊತ್ತೋ ಎದುರಿಗಿರುವವರಿಗೆ ಬೇಕಾಗಿರುವುದೂ ಅದೇ ಎಂದುಕೊಂಡುಬಿಡುತ್ತಾರೆ. ನಾನೇನೂ ಇದಕ್ಕೆ ಹೊರತಲ್ಲ. ಹೆಂಡತಿಗೆ ಸ್ಕೂಟರ್ ಕಲಿಸಲು ಹೋಗಿ, ಎಂಜಿನ್ನು ಹೇಗೆ ಕೆಲಸ ಮಾಡುತ್ತದೆ ಎಂದು ಬೆಳಗ್ಗೆಯೆಲ್ಲ ಕೊರೆದವನು ನಾನು. ಅವಳಿಗೆ ಬೇಕಾಗಿದ್ದದ್ದು ಬ್ರೇಕು ಎಲ್ಲಿದೆ ಎಂಬ ಒಂದೇ ಮಾಹಿತಿ. ನಾವಿದ್ದ ಲಕ್ಷ್ಮೀ ನಗರದ ಕಬ್ಬಿನ ಹಾಲಿನ ಗಾಡಿ ತೀರಾ ಹತ್ತಿರ ಬಂದಾಗ ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಅನ್ನುವುದಕ್ಕೆ ಈ ಕಥೆಯೇ ಸಾಕ್ಷಿ.

ಆಗ ನಾನು ದೇಶದ ರಾಜಧಾನಿಯ ಓಖ್ಲಾದಲ್ಲಿ ಸಿದ್ಧ ಉಡುಪು ರಫ್ತು ಮಾಡುವ ಕಂಪನಿಯೊಂದರ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇದ್ದವನೂ ನಾನೊಬ್ಬನೇ ಅನ್ನಿ. ಬೇರೆ ಯಾವುದೋ ಕಾರ್ಖಾನೆಯವರ ಇ-ಮೇಲ್‌ಗೆ ಕನ್ನ ಹಾಕಿ ಅವರ ದರವನ್ನೆಲ್ಲ ಯಾರೋ ಓದಿಕೊಂಡರಂತೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಮ್ಮ ಮಾಲೀಕರು, ಎಲ್ಲರ ಬಾಯಲ್ಲಿ 'ಬಡೇ ಸಾಹೇಬ್', ನನ್ನನ್ನು ಕರೆಸಿದರು. "ಸ್ಟಾಫಿಗೆಲ್ಲ ಸೈಬರ್ ಸೆಕ್ಯುರಿಟಿ ಕಲಿಸು. ಆಮೇಲೆ ಪರೀಕ್ಷೆ ಮಾಡು" ಎಂದರು. ನಾನು ಉತ್ಸಾಹದಿಂದ ವೈರಸ್ಸಿನ ವಂಶಾವಳಿಯನ್ನೆಲ್ಲ ಪರದೆಯ ಮೇಲೆ ತೋರಿಸಿದೆ. ರಾಜ್ಮಾ ಚಾವಲ್ ಉಂಡು ಬಂದಿದ್ದ ಸ್ಟಾಫು ಕತ್ತಲೆಯ ಕೋಣೆಯಲ್ಲಿ ನೆಮ್ಮದಿಯಾಗಿ ತೂಕಡಿಸಿತು. ನಿದ್ದೆ ಮಾಡದೆ ಕೇಳಿದವಳು ಡಿಸ್ಪ್ಯಾಚ್ ವಿಭಾಗದ ಸುನೀತಾ ಒಬ್ಬಳೇ. ಹೊಸದಾಗಿ ಸೇರಿದವಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಪರೀಕ್ಷೆ ಎಂದರೆ ಇಷ್ಟೇ: ಅಪರಿಚಿತನಂತೆ ಫೋನ್ ಮಾಡಿ ಪಾಸ್‌ವರ್ಡ್ ಕೇಳುವುದು. ಮೂಗು ಹಿಡಿದುಕೊಂಡು ನನ್ನ ಹಿಂದಿಯಲ್ಲಿ ಎಲ್ಲರನ್ನೂ ಕೇಳಿದೆ. "ನಮಸ್ತೆ ಸರ್, ಶೀತ ಆಗಿದೆಯಾ?" ಎಂದು ವಿಚಾರಿಸಿಕೊಂಡರೇ ಹೊರತು ಒಬ್ಬರೂ ಕೊಡಲಿಲ್ಲ. ತರಬೇತಿ ಭರ್ಜರಿ ಯಶಸ್ವಿ ಎಂದು ಸಾಹೇಬರಿಗೆ ಹೇಳಿ, ಮನೆಗೆ ಬಂದು ಹೆಂಡತಿಯ ಮುಂದೂ ಕೊಚ್ಚಿಕೊಂಡೆ. ಅವಳು ಹುರುಳಿಕಾಯಿ ಸೋಸುತ್ತ, "ರೀ, ನಿಮ್ಮ ಹಿಂದಿಗೆ ತರಕಾರಿ ಭಯ್ಯಾ ಕೊತ್ತಂಬರಿ ಸೊಪ್ಪನ್ನೇ ಪುಕ್ಕಟೆ ಹಾಕಲ್ಲ. ಪಾಸ್‌ವರ್ಡ್ ಯಾರು ಕೊಡ್ತಾರೆ?" ಎಂದಳು.

ಮಾತು ನಾಟಿತು. ನಮ್ಮ ಮನೆ ಮಾಲೀಕ ಚಡ್ಡಾಜಿಯನ್ನು ಹಿಡಿದೆ. ಅವರು 'ಗುಡ್ ಮಾರ್ನಿಂಗ್' ಅಂದರೂ ಬೀದಿಯಲ್ಲಿ ಜಗಳ ಶುರುವಾಯಿತೆಂದು ಜನ ಬಾಗಿಲಿಗೆ ಬರುತ್ತಾರೆ. ಮರುದಿನ ಅವರು ನಮ್ಮ ಆಫೀಸಿಗೆ ಫೋನ್ ಮಾಡಿ ಗುಡುಗಿದರು: "ಬಡೇ ಸಾಹೇಬರ ಭಾವಮೈದುನ ಮಾತಾಡ್ತಿರೋದು! ಮಾಲು ನಿಂತುಹೋಗಿದೆ! ನಿದ್ದೆ ಮಾಡ್ತಿದ್ದೀರಾ ಎಲ್ಲ? ಪಾಸ್‌ವರ್ಡ್ ಬೋಲೋ!" ಸಾಹೇಬರಿಗೆ ಭಾವಮೈದುನನೇ ಇಲ್ಲ. ಅದು ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ಕೊಟ್ಟರು, ಸುನೀತಾ ಕೂಡ.

ಸಾಹೇಬರು ಕೆಂಡವಾದರು. "ಎಲ್ಲರನ್ನೂ ತೆಗೆಯೋಕಾಗಲ್ಲ. ಆ ಡಿಸ್ಪ್ಯಾಚ್ ಹುಡುಗಿ ಖಾಯಂ ಆಗಿಲ್ಲವಲ್ಲ, ಅವಳನ್ನು ಕಳಿಸು. ಉಳಿದವರಿಗೆ ಬುದ್ಧಿ ಬರುತ್ತೆ" ಎಂದರು. ಅವಳ ಸಂಬಳದಲ್ಲೇ ಅವಳ ತಮ್ಮ ಮುಖರ್ಜಿ ನಗರದಲ್ಲಿದ್ದುಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ನನ್ನ ಪಾಠ ಕೇಳಿದ ಏಕೈಕ ಪ್ರಾಣಿಯ ಅನ್ನಕ್ಕೆ ನಾನೇ ಕಲ್ಲು ಹಾಕಿದಂತಾಯಿತಲ್ಲ ಎಂದು ಬಹಳ ಸಂಕಟವಾಯಿತು. ಕೈಮುಗಿದು ಇನ್ನೊಂದು ಅವಕಾಶ ಕೇಳಿದೆ. "ಅಚ್ಛಾ, ಈ ಸಲ ನಾನೇ ಫೋನ್ ಮಾಡ್ತೀನಿ. ಆ ಹುಡುಗಿ ಬಾಯಿಬಿಟ್ಟರೆ ಅವತ್ತೇ ಮನೆಗೆ" ಎಂದರು.

ಮೊದಲೇ ಕೇಳಬೇಕಾಗಿದ್ದನ್ನು ಆಗ ಸುನೀತಾಳನ್ನು ಕೇಳಿದೆ: "ಯಾಕೆ ಕೊಟ್ಟೆಯಮ್ಮ?"

"ಕೊಡಬಾರದು ಅಂತ ಗೊತ್ತಿತ್ತು ಸರ್. ಆದರೆ ಅವರು ಬೈತಿದ್ರು. ಬೈತಾ ಇರೋರಿಗೆ ಇಲ್ಲ ಅಂತ ಹೇಗೆ ಹೇಳೋದು?" ಅಂದಳು.

ಅಯ್ಯೋ ನನ್ನ ಬುದ್ಧಿಯೇ! ಅಷ್ಟು ಪಾಠದಲ್ಲಿ ಈ ಒಂದು ಮಾತಿರಲಿಲ್ಲ. ವೈರಸ್ಸನ್ನು ಎತ್ತಿ ಅಟ್ಟಕ್ಕೆ ಹಾಕಿ, ಬೈಸಿಕೊಳ್ಳುವ ತರಬೇತಿ ಶುರುಮಾಡಿದೆ. ದಿನಾ ಚಹಾ ಹೊತ್ತಿಗೆ ಚಡ್ಡಾಜಿ ಬಂದು ಒಬ್ಬೊಬ್ಬರನ್ನೇ ನಿಲ್ಲಿಸಿಕೊಂಡು ಬೈಯಬೇಕು. ಬೈಸಿಕೊಂಡವರು, "ಜೀ ಸರ್, ಫೋನ್ ಇಡಿ, ಸಾಹೇಬರ ನಂಬರಿಗೆ ನಾನೇ ವಾಪಸ್ ಮಾಡ್ತೀನಿ" ಎಂದಷ್ಟೇ ಹೇಳಬೇಕು. ಮನೆಯಲ್ಲಿ ದನಿ ಎತ್ತಲು ಹೆಂಡತಿಯ ಅನುಮತಿ ಇಲ್ಲದ ಚಡ್ಡಾಜಿಗೆ ಹಬ್ಬವೋ ಹಬ್ಬ. ಸುನೀತಾ ಮೊದಲು ಅತ್ತಳು, ಆಮೇಲೆ ತೊದಲಿದಳು. ಕೊನೆಕೊನೆಗೆ ಅವರು ಬೈಯುತ್ತಿರುವಾಗಲೇ ಬಿಸ್ಕೆಟನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಂಡು, ಆ ಮಾತು ಒಪ್ಪಿಸುವಷ್ಟು ಗಟ್ಟಿಯಾದಳು.

ಪರೀಕ್ಷೆಯ ದಿನ ನಾನು ಡಿಸ್ಪ್ಯಾಚ್ ಪಕ್ಕದ ನನ್ನ ಗೂಡಿನಲ್ಲಿ ಎದೆ ಹಿಡಿದುಕೊಂಡು ಕೂತಿದ್ದೆ. ಸುನೀತಾಳ ಫೋನ್ ಬಡಿದುಕೊಂಡಿತು. ಸಾಹೇಬರ ಗರ್ಜನೆ ಗೋಡೆಯಾಚೆಗೂ ಕೇಳುತ್ತಿತ್ತು. "ಜೀ ಸರ್" ಎಂದಳು. ಆಮೇಲೆ ಉಳಿದ ಮಾತನ್ನೂ ಪೂರ್ತಿ ಹೇಳಿ, ರಿಸೀವರನ್ನು ಮೆಲ್ಲಗೆ ಇಟ್ಟೇಬಿಟ್ಟಳು. ಶಾಭಾಷ್! ನನ್ನ ಕಣ್ಣಲ್ಲಿ ನೀರೇ ಬಂತು. ಅವಳ ಕೆಲಸ ಉಳಿಯಿತು.

ಅಷ್ಟರಲ್ಲಿ ನನ್ನ ಮೇಜಿನ ಫೋನ್ ಬಡಿದುಕೊಂಡಿತು. "ಇದೇನು ಕಲಿಸಿದ್ದೀಯಾ? ನನ್ನ ಫೋನನ್ನೇ ಇಡ್ತಾಳೆ! ಮಾಲೀಕ ಯಾರು, ನಾನೋ ಅವಳೋ? ನಿನ್ನ ಪಾಸ್‌ವರ್ಡ್ ಹೇಳು ಮೊದಲು!" ಎಂದು ಸಾಹೇಬರು ಕೂಗಿದರು. ನಾನು ಎದ್ದು ನಿಂತು ಹೇಳಿದೆ. ಯಾವುದು ದೊಡ್ಡಕ್ಷರ, ಯಾವುದು ಚಿಕ್ಕಕ್ಷರ ಎಂಬುದನ್ನೂ ಬಿಡಿಸಿ ಹೇಳಿದೆ. ಆಮೇಲೆ ಸಾಹೇಬರು ನಗತೊಡಗಿದರು.

ನಾನು ಖಾಯಂ ನೌಕರನಾದ್ದರಿಂದ ಬಚಾವಾದೆ. ಮರುದಿನದಿಂದ ಚಹಾ ಹೊತ್ತಿನ ತರಬೇತಿಗೆ ಉಳಿದ ವಿದ್ಯಾರ್ಥಿ ನಾನೊಬ್ಬನೇ. ಚಡ್ಡಾಜಿಗೆ ಬಿಡುವಿಲ್ಲದ ದಿನ ಸುನೀತಾ ಬೈಯುತ್ತಿದ್ದಳು. ಒಳ್ಳೆಯ ಹುಡುಗಿ, ಬೈದು ಮುಗಿಸಿ "ಸಾರಿ ಸರ್" ಅನ್ನುತ್ತಿದ್ದಳು. ಅಷ್ಟು ಹೊತ್ತಿಗೆ ನಾನು ಪಾಸ್‌ವರ್ಡಿನ ಅರ್ಧ ಹೇಳಿ ಮುಗಿಸಿರುತ್ತಿದ್ದೆ.