ಮೂರನೇ ಸಲ ಕೇಳಿದ ಮೇಲೆ

ಪರೀಕ್ಷೆ ಎಂದರೆ ನನಗೆ ಎಂದೂ ಭಯವಿರಲಿಲ್ಲ. ಧಾರವಾಡದ ಕಾಲೇಜಿನ ಲೆಕ್ಕಶಾಸ್ತ್ರವನ್ನೇ ಗೆದ್ದು ಲಂಡನ್ನಿಗೆ ಬಂದವನನ್ನು ಗ್ರೀನ್‌ಫರ್ಡಿನ ಗೋದಾಮೊಂದು ಏನು ತಾನೇ ಮಾಡೀತು!

ಆ ಕೆಲಸ ಸಿಗಲೇಬೇಕಿತ್ತು. ನನ್ನ ಹೆಂಡತಿ ಸುನಂದಾ ಏಳು ತಿಂಗಳ ಬಸುರಿ. ಈಸ್ಟ್ ಹ್ಯಾಮಿನ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ನಾನು ದುಡಿಯಲು ನಿಂತರೆ ಮಾತ್ರ ಅವಳು ಕೂರಬಹುದಿತ್ತು.

ಗೋದಾಮಿನಲ್ಲಿ ಸ್ಟಾಕಿನ ಲೆಕ್ಕ ಬರೆಯುವ ಕೆಲಸ. ಮೊದಲ ಪರೀಕ್ಷೆ ಲೆಕ್ಕದ್ದು. ಎಲ್ಲರಿಗಿಂತ ಮೊದಲೇ ಮುಗಿಸಿದೆ. ಆಮೇಲೆ ವ್ಯಕ್ತಿತ್ವ ಪರೀಕ್ಷೆ ಬಂತು. ‘ನಾನು ಕೆಲಸದಲ್ಲಿ ಜಾಣ. ಒಪ್ಪುತ್ತೀರಾ?’ ನಮ್ಮ ಮನೆತನದಲ್ಲಿ ಯಾರೂ ತಮ್ಮನ್ನು ತಾವೇ ಹೊಗಳಿಕೊಂಡವರಲ್ಲ. ಸವಿನಯವಾಗಿ ‘ಇಲ್ಲ’ಕ್ಕೆ ಗುರುತು ಹಾಕಿದೆ. ‘ನನ್ನನ್ನು ನಂಬಬಹುದು.’ ಅದನ್ನು ಬೇರೆಯವರು ಹೇಳಬೇಕು. ಇಲ್ಲ. ‘ನಾನು ಮುಂದಾಳು.’ ಮನೆಯಲ್ಲಿ ಸುನಂದಾ ಇರುವಾಗ ಆ ಪ್ರಶ್ನೆಯೇ ಏಳುವುದಿಲ್ಲ. ಇಲ್ಲ!

ಪರೀಕ್ಷೆ ನಡೆಸಿದ ಜೂಲಿ ಎಂಬಾಕೆ ಕಂಪ್ಯೂಟರ್ ಕೊಟ್ಟ ಫಲಿತಾಂಶದ ಕಾಗದ ಹಿಡಿದು ಬಂದು ಕೂತರು. ಚಹಾ ಬೇಕೇ ಎಂದರು. ಬೇಡವೆಂದೆ. ನನಗೆ ಗಂಟಲು ಒಣಗಿತ್ತು, ಆಕೆ ತಮಗೊಬ್ಬರಿಗೇ ಚಹಾ ತಂದುಕೊಂಡರು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

“ಇದರ ಪ್ರಕಾರ ನೀವು ದಡ್ಡರು, ನಂಬಲು ಯೋಗ್ಯರಲ್ಲ. ಆದರೆ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ” ಎಂದು ಜೂಲಿ ನಕ್ಕರು. “ಹೋದ ಸಲ ತನಗೆ ತಾನೇ ಪೂರ್ತಿ ಅಂಕ ಕೊಟ್ಟುಕೊಂಡವನನ್ನು ತೆಗೆದುಕೊಂಡೆವು. ಒಂದು ಲಾರಿ ಸಾಮಾನನ್ನು ಬೇರೆ ಊರಿಗೇ ಕಳಿಸಿಬಿಟ್ಟ. ಈ ಸಲ ನಾನು ಲೆಕ್ಕವನ್ನೇ ನಂಬುತ್ತೇನೆ. ಸೋಮವಾರದಿಂದ ಬರುತ್ತೀರಾ?”

ಎದೆ ತುಂಬಿ ಬಂತು. ಆದರೆ ಕೇಳಿದ ಕೂಡಲೇ ಹೂಂ ಎನ್ನುವುದು ಮರ್ಯಾದೆಯೇ? “ಅಯ್ಯೋ ಬೇಡ, ಬೇರೆ ಯಾರಿಗಾದರೂ ಕೊಡಿ” ಎಂದು ಇಂಗ್ಲಿಷಿನಲ್ಲಿ ಹೇಳಿ, ಎರಡನೇ ಸಲ ಕೇಳಲೆಂದು ಕಾದೆ. ಜೂಲಿ ಕಣ್ಣು ಪಿಳುಕಿಸಿದರು. ಆಮೇಲೆ ಎದ್ದು ನನ್ನ ಕೈ ಕುಲುಕಿ ಬಾಗಿಲು ತೆರೆದರು.

ನಾನು ಹೊರಗಿದ್ದೆ!

ಟ್ಯೂಬ್ ರೈಲು ಹಿಡಿದು ನೆಟ್ಟಗೆ ಸೀರೆ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಸುನಂದಾ ಕೈಯಲ್ಲಿದ್ದ ಸೀರೆಯನ್ನು ಮಡಿಸುವುದನ್ನೇ ಬಿಟ್ಟಳು.

“ಬ್ಯಾಡ ಅಂದ್ರೇನ್ರಿ? ಯಾಕ?”

“ಇನ್ನೊಮ್ಮೆ ಕೇಳ್ತಾರ ಅನ್ಕೊಂಡಿದ್ದೆ.”

“ಆಕಿ ನಮ್ಮವ್ವ ಅನ್ಕೊಂಡ್ರೇನ್ರಿ, ತಾಟಿನ ಮುಂದ ಕುಂತು ಅಳಿಯಗ ಒತ್ತಾಯ ಮಾಡಾಕ?”

ಅಷ್ಟಂದು ನನ್ನ ಜೇಬಿನಿಂದ ಗೋದಾಮಿನ ಪತ್ರ ಎಳೆದು, ಅದರಲ್ಲಿದ್ದ ನಂಬರಿಗೆ ಅಂಗಡಿಯ ಫೋನಿನಿಂದ ಕರೆ ಮಾಡಿದಳು. ಗಿರಾಕಿಗಳು ಸೀರೆ ನೋಡುವುದನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದರು. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅವಳು ಜೂಲಿಗೆ ವಿವರಿಸಿದಳು: “ಮೇಡಂ, ನಮ್ಮ ಕಡೆ ಮೊದಲನೇ ‘ಬೇಡ’ ಲೆಕ್ಕಕ್ಕಿಲ್ಲ, ಎರಡನೆಯದೂ ಲೆಕ್ಕಕ್ಕಿಲ್ಲ. ಮೂರನೇ ಸಲ ಕೇಳಿದರೆ ಮಾತ್ರ ನಿಜ ಹೇಳುತ್ತಾರೆ.” ಆ ಕಡೆಯಿಂದ ನಗು ಕೇಳಿಸಿತು. ಸುನಂದಾ ರಿಸೀವರನ್ನು ನನ್ನ ಕಿವಿಗೆ ಒತ್ತಿದಳು.

“ಬರುತ್ತೀರಾ? ಬರುತ್ತೀರಾ? ಬರುತ್ತೀರಾ?” ಎಂದು ಜೂಲಿ ಒಂದೇ ಉಸಿರಿಗೆ ಕೇಳಿದರು.

“ಬರುತ್ತೇನೆ” ಎಂದೆ.

ಆ ಸೋಮವಾರ ನಾನು ಕೆಲಸಕ್ಕೆ ಹೊರಟಾಗ ಸುನಂದಾ ದಿಂಬಿನ ಮೇಲೆ ಕಾಲಿಟ್ಟು ಕೂತಿದ್ದಳು. ಆ ನೋಟಕ್ಕಾಗಿ ನಾನು ಜೂಲಿಗೆ ಇವತ್ತಿಗೂ ಋಣಿ. ಕಂಪ್ಯೂಟರ್ ದಡ್ಡನೆಂದವನನ್ನು ಆಕೆ ಎರಡೆರಡು ಸಲ ಕರೆದರು. ಇನ್ನು ಸುನಂದಾಳ ಋಣ ತೀರಿಸುವ ಮಾತೇ ಇಲ್ಲ.

ಸಂಜೆ ಮರಳಿದಾಗ ಕೂತಲ್ಲೇ ಮಾಡಿದ ಹೋಳಿಗೆ ಕಾದಿತ್ತು. ಎರಡು ತಿಂದೆ, ತುಪ್ಪ ಬೆರಳಿಗೆಲ್ಲ ಹತ್ತಿತ್ತು.

“ಇನ್ನೊಂದು ಹಾಕ್ಲೇನ್ರಿ?”

“ಬ್ಯಾಡ, ಸಾಕು” ಎಂದು ತಾಟನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ.

ಸುನಂದಾ ಡಬ್ಬಿಯ ಮುಚ್ಚಳ ಹಾಕಿದಳು. “ಈಗ ನಾವು ಲಂಡನ್ನಿನ್ಯಾಗ ಅದೀವ್ರಿ” ಎಂದಳು.

ನಾನು ಬೆರಳು ನೆಕ್ಕಿಕೊಂಡು ಎದ್ದೆ.