ನಂಜಮ್ಮನೂ ನನ್ನ ಎರಡನೇ ಪರದೆಯೂ

ಪರರ ಮೇಜಿನ ಮೇಲಿರುವುದು ನಮ್ಮ ಮೇಜಿನ ಮೇಲಿಲ್ಲ ಎಂಬ ಬೇನೆಗೆ ಯಾವ ವೈದ್ಯರಲ್ಲೂ ಮದ್ದಿಲ್ಲ. ನನಗೆ ಅದು ಐವತ್ತರ ಹೊಸ್ತಿಲಲ್ಲಿ ತಗಲಿತು. ಪೀಣ್ಯದಲ್ಲಿ ಲೋಹದ ತಗಡಿಗೆ ಆಕಾರ ಒತ್ತುವ ಡೈ ಎಂಬ ಅಚ್ಚುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಡ್ರಾಯಿಂಗ್ ಮಾಡುವವನು. ಒಮ್ಮೆ ಗಿರಾಕಿ ಕಂಪನಿಗೆ ಹೋಗಿದ್ದಾಗ, ಅಲ್ಲಿ ನನ್ನಂಥದೇ ಕೆಲಸದವನೊಬ್ಬ ಎರಡು ಕಂಪ್ಯೂಟರ್ ಪರದೆಗಳ ಮುಂದೆ ಕೂತು, ಒಂದರಲ್ಲಿ ಡೈಯ ಮೇಲ್ಭಾಗ, ಇನ್ನೊಂದರಲ್ಲಿ ಕೆಳಭಾಗ ಇಟ್ಟುಕೊಂಡು, ಬೀಗರ ಎರಡೂ ಪಂಕ್ತಿ ವಿಚಾರಿಸುವ ಮದುವೆಮನೆಯ ಹಿರಿಯನಂತೆ ಅತ್ತಿತ್ತ ಕತ್ತು ತಿರುಗಿಸುತ್ತಿದ್ದ. ಅಂದಿನಿಂದ ನನ್ನ ಮೇಜು ನನಗೆ ಒಕ್ಕಣ್ಣಿನದಾಗಿ ಕಾಣತೊಡಗಿತು.

ಮಾಲೀಕರಾದ ಶೇಷಾದ್ರಿಯವರ ಮುಂದೆ ಮೂರು ತಿಂಗಳು ಗೋಳಾಡಿದೆ. ಎರಡನೇ ಪರದೆಯಿಲ್ಲದೆ ಡ್ರಾಯಿಂಗನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಮನುಷ್ಯಮಾತ್ರದವರಿಂದ ಸಾಧ್ಯವಿಲ್ಲ ಎಂದೂ ವಾದಿಸಿದೆ. ಕೊನೆಗೆ ಪರದೆ ಬಂತು. ನನ್ನ ಲ್ಯಾಪ್‌ಟಾಪ್ ಮೇಜಿನ ಮೇಲೆ ಡಾಕ್ ಎಂಬ ದಪ್ಪ ಪೀಠವೊಂದರ ಮೇಲೆ ಕೂರುತ್ತಿತ್ತು. ಮೊದಲ ಪರದೆಯ ಯೋಗಕ್ಷೇಮವನ್ನು ಲ್ಯಾಪ್‌ಟಾಪಿನೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡೇ ನೋಡಿಕೊಳ್ಳುತ್ತಿತ್ತು. ಎರಡನೆಯದಕ್ಕಾಗಿ ಆ ಪೀಠದ ಹೊಟ್ಟೆಯೊಳಗೆ ಇನ್ನೊಂದು ಕಾರ್ಡು ಸೇರಿಸಬೇಕಿತ್ತು. ಕಂಪ್ಯೂಟರ್ ರಿಪೇರಿಯ ಪ್ರಕಾಶ್ ಬಂದು ಸೇರಿಸಿದ. ಎರಡೂ ಪರದೆಗಳು ಬೆಳಗಿದವು. ಪರ್ಚೇಸ್ ವಿಭಾಗದ ವಿಮಲಾ ಮೇಡಂ ಬಾಗಿಲಲ್ಲೇ ನಿಂತು, “ಏನ್ ಸಾರ್, ಟಾಕೀಸ್ ಓಪನ್ ಮಾಡ್ಬಿಟ್ರಾ?” ಎಂದರು. ಇದು ಅಸೂಯೆಯೆಂದು ಗುರುತಿಸಿ ಒಳಗೊಳಗೇ ಹಿಗ್ಗಿದೆ.

ಮರುದಿನ ಬೆಳಿಗ್ಗೆ ಎರಡನೇ ಪರದೆ ಅಮಾವಾಸ್ಯೆಯಷ್ಟು ಕಪ್ಪಗಿತ್ತು.

ಪ್ರಕಾಶ್ ಬಂದ. ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದ. ಪರದೆ, ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, ಥಟ್ಟನೆ ಬೆಳಗಿತು. “ಬರ್ತಾ ಇದ್ಯಲ್ಲ ಸಾರ್?” ಎಂದು ಹೋದ. ಮರುದಿನ ಮತ್ತೆ ಕಪ್ಪು. ಅವನು ಬಂದರೆ ಬೆಳಕು, ಹೋದರೆ ಕತ್ತಲೆ. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಅಳಿಸಿ ಮತ್ತೆ ಹಾಕಿದ, ಕೇಬಲ್ ಬದಲಿಸಿದ. ಡ್ರಾಯಿಂಗ್ ಬೋರ್ಡಿನ ಕಾಲದ ನನ್ನ ರಬ್ಬರಿನಿಂದ ಕಾರ್ಡಿನ ಹಲ್ಲುಗಳನ್ನು ಉಜ್ಜಿ ಹೊಳೆಯಿಸಿದ. ಕೊನೆಗೆ ಗಂಭೀರವಾಗಿ ಕೇಳಿದ: “ನಾನು ಹೋದ್ಮೇಲೆ ಏನಾದ್ರೂ ಮುಟ್ತೀರಾ ಸಾರ್?”

“ಮುಟ್ಟದೆ ಕೆಲಸ ಮಾಡೋ ವಿದ್ಯೆ ನನಗೆ ಬರಲ್ಲಪ್ಪ,” ಎಂದೆ.

ವಿಷಯ ಮಾಲೀಕರ ತನಕ ಹೋಯಿತು. “ನೋಡ್ರೀ ರಾಮಚಂದ್ರ, ಶನಿವಾರ ಗಿರಾಕಿಗಳು ಬರ್ತಾರೆ. ಅಷ್ಟ್ರೊಳಗೆ ನಡೆದ್ರೆ ನಿಮ್ಮದು. ಇಲ್ದಿದ್ರೆ ಆ ಪರದೆ ವಿಮಲಾ ಅವ್ರಿಗೆ ಕೊಟ್ಬಿಡಿ,” ಎಂದರು. ವಿಮಲಾ ಮೇಡಂ ಅಂದೇ ಬಂದು ಟೇಪು ಹಿಡಿದು ಪರದೆಯ ಅಗಲ ಅಳೆದುಕೊಂಡು ಹೋದರು. ಜೀವ ಇರುವಾಗಲೇ ಅಳತೆ ತೆಗೆಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಇಲ್ಲಿ ನನ್ನ ಶಿಸ್ತಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ನೋವಿನ ಆಳ ಓದುಗರಿಗೆ ತಿಳಿಯದು. ನಾನು ಲೇತ್ ಮಿಷನ್ ಮುಂದೆ ನಿಂತು ಮೇಲೆ ಬಂದವನು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ರುದ್ರಪ್ಪನವರ ಮೊದಲ ಪಾಠ: “ಬೆಳಿಗ್ಗೆ ಮಿಷನ್ ಐದು ನಿಮಿಷ ಖಾಲಿ ಓಡ್ಸು. ಮೈ ಬಿಸಿಯಾಗ್ಲಿ. ಆಮೇಲೆ ಕೆಲಸ ಹಾಕು.” ಈ ಮಾತನ್ನು ನಾನು ಕಾರ್ಖಾನೆಯ ನನ್ನ ಕೋಣೆಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದೇನೆ. ಬಾಗಲಗುಂಟೆಯ ನನ್ನ ಮನೆಯ ಮುಂದೆ ಸ್ಕೂಟರು ದಿನವೂ ಐದು ನಿಮಿಷ ನಿಂತಲ್ಲೇ ಗುಡುಗುತ್ತದೆ. ಎದುರುಮನೆಯವರು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಲ್ಯಾಪ್‌ಟಾಪಿಗೂ ವಿನಾಯಿತಿ ಕೊಟ್ಟವನಲ್ಲ. ಕೆಲಸಕ್ಕೆ ಬಂದೊಡನೆ ಅದನ್ನು ಚೀಲದಿಂದ ತೆಗೆದು ಮೇಜಿನ ಮೂಲೆಯಲ್ಲಿಟ್ಟು ಚಾಲೂ ಮಾಡಿ, ಐದು ನಿಮಿಷ ಖಾಲಿ ಓಡಿಸಿ, ಮೈ ಬೆಚ್ಚಗಾಯಿತೆಂದು ಅಂಗೈಯಿಂದ ಮುಟ್ಟಿ ನೋಡಿ, ನಂತರವೇ ಪೀಠಕ್ಕೇರಿಸುತ್ತಿದ್ದೆ. ಇಂಥವನಿಗೆ ಒಂದು ಕಾರ್ಡು ಹೀಗೆ ಕೈಕೊಡಬಹುದೇ?

ಶುಕ್ರವಾರ ಬೆಳಿಗ್ಗೆ ಕಪ್ಪು ಪರದೆಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಕಸ ಗುಡಿಸುತ್ತಿದ್ದ ನಂಜಮ್ಮ ಪೊರಕೆ ನಿಲ್ಲಿಸಿದಳು. ನಂಜಮ್ಮ ಇಲ್ಲಿನ ಮೂಲನಿವಾಸಿ. ನಮ್ಮ ಶೆಡ್ಡು ನಿಂತಿರುವ ಜಾಗ ಆಕೆಯ ಮಾವನ ರಾಗಿ ಹೊಲವಾಗಿತ್ತಂತೆ. ಹಾಗಾಗಿ ಆಕೆ ನಮ್ಮೆಲ್ಲರನ್ನೂ ಬಾಡಿಗೆದಾರರಂತೆಯೇ ನೋಡುತ್ತಾಳೆ.

“ಸಾ, ಒಂದ್ ಮಾತ್ ಏಳ್ಲಾ?”

“ಹೇಳಮ್ಮ. ನೀನೊಬ್ಬಳು ಬಾಕಿ ಇದ್ದೆ.”

“ರಿಪೇರಿ ಸಾರು ಅದನ್ನ ಮೊದ್ಲು ಮಲಗಿಸ್ತಾರೆ, ಆಮೇಕೆ ಎಬ್ಬಿಸ್ತಾರೆ. ನೀವು ಎಬ್ಬಿಸ್ಬಿಟ್ಟು ಆಮೇಕೆ ತಗೊಂಡೋಗಿ ಮಲಗಿಸ್ತೀರ. ಅದ್ಕೆ ಮುನಿಸ್ಕೊಂಡೈತೆ.”

ನಗು ಬಂತು. ನಕ್ಕೂ ಬಿಟ್ಟೆ. ಆಕೆ ಪಕ್ಕದ ಕೋಣೆಗೆ ಹೋದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಲ್ಯಾಪ್‌ಟಾಪನ್ನು ಆರಿಸಿ, ಪೀಠದ ಮೇಲೆ ಮಲಗಿಸಿ, ಆಮೇಲೆ ಗುಂಡಿ ಒತ್ತಿದೆ. ಎರಡೂ ಪರದೆಗಳು ದೀಪಾವಳಿಯಾದವು.

ಪ್ರಕಾಶನಿಗೆ ಫೋನು ಮಾಡಿದೆ. ಆದದ್ದನ್ನು ಕೇಳಿ ಅವನು ವಿವರಿಸಿದ: “ಲ್ಯಾಪ್‌ಟಾಪ್ ಆನ್ ಆಗೋವಾಗ ಪೀಠದಲ್ಲಿ ಏನೇನಿದೆ ಅಂತ ಒಂದ್ಸಲ ನೋಡ್ಕೊಳ್ಳುತ್ತೆ ಸಾರ್. ಆಮೇಲೆ ಕೂರಿಸಿದ್ರೆ ಆ ಕಾರ್ಡು ಅದರ ಕಣ್ಣಿಗೇ ಬೀಳಲ್ಲ. ಅಲ್ಲಾ, ಆನ್ ಮಾಡ್ಕೊಂಡು ಕೂರಿಸ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಯಾಕ್ ಸಾರ್ ಹಂಗ್ ಮಾಡಿದ್ರಿ?” ಲೈನು ಸರಿಯಾಗಿ ಕೇಳಿಸುತ್ತಿಲ್ಲವೆಂದು ಹೇಳಿ ಇಟ್ಟುಬಿಟ್ಟೆ.

ಶನಿವಾರ ಗಿರಾಕಿಗಳು ಬಂದರು, ಎರಡೂ ಪರದೆ ನೋಡಿ ತಲೆದೂಗಿದರು. ವಿಮಲಾ ಮೇಡಂ ಟೇಪನ್ನು ಡ್ರಾಯರಿನೊಳಗೆ ಇಟ್ಟರು. “ಏನಾಗಿತ್ರೀ ಅದಕ್ಕೆ?” ಎಂದು ಮಾಲೀಕರು ಕೇಳಿದಾಗ, “ಸ್ವಲ್ಪ ಕ್ರಮ ತಪ್ಪಿತ್ತು ಸಾರ್,” ಎಂದೆ. ಯಾರದೆಂದು ಹೇಳಲಿಲ್ಲ. ಹಿಂದೆ ಪೊರಕೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಪರದೆ ಉಳಿಯಿತು, ಹೋದದ್ದು ನೆಪ. ಎರಡು ಪರದೆಗಳಿದ್ದೂ ಡ್ರಾಯಿಂಗುಗಳು ಎಂದಿನಂತೆ ತಮ್ಮದೇ ಗತಿಯಲ್ಲಿ ಸಾಗುತ್ತಿವೆ. ಮೊನ್ನೆ ಬೆಳಿಗ್ಗೆ ಮಾಲೀಕರು ಬಾಗಿಲಲ್ಲಿ ಇಣುಕಿ, “ಈಗ ಎರಡು ಕಣ್ಣೂ ಬಂತಲ್ರೀ, ಡ್ರಾಯಿಂಗ್ ಯಾಕ್ರೀ ಇನ್ನೂ ಬಂದಿಲ್ಲ?” ಎಂದರು. ನಾನು ಕಾಫಿ ಲೋಟ ಕೆಳಗಿಟ್ಟು ತಕ್ಕ ಉತ್ತರ ಹುಡುಕುತ್ತಿದ್ದೆ. ಗೋಡೆಯ ಕೆಂಪಕ್ಷರದ ಧೂಳು ಹೊಡೆಯುತ್ತಿದ್ದ ನಂಜಮ್ಮ ತಿರುಗಿಯೂ ನೋಡದೆ ನನ್ನ ಪರವಾಗಿ ಹೇಳಿದಳು:

“ಸಾರು ಇನ್ನೂ ಖಾಲಿ ಓಡ್ತಾವ್ರೆ ಸಾ. ಮೈ ಬಿಸಿಯಾಗ್ಲಿ, ತಡೀರಿ.”